ಆಯಿಯ ಕಿವಿಯ ಬ್ಯಾಟರಿ

ರಾಜ್ಯಗಳನ್ನು ಭಾಷೆಯ ಪ್ರಕಾರ ಮತ್ತೆ ಜೋಡಿಸುತ್ತಿದ್ದ ಕಾಲ. ನಮ್ಮಲ್ಲೂ ಒಂದು ವಿಲೀನ ನಡೆಯುವುದಿತ್ತು: ಅಪ್ಪನ ಸಾಂಗಲಿ ಮನೆ, ಕಾಕಾನ ಮಿರಜ ಮನೆ ಎರಡನ್ನೂ ಮುಚ್ಚಿ, ನಡುವೆ ವಿಶ್ರಾಮಬಾಗದಲ್ಲಿ ಒಂದೇ ಸಂಸಾರ ಹೂಡುವುದು. ಅದಕ್ಕೆ ಮಿರಜ ಮನೆಯಲ್ಲಿದ್ದ ಅಜ್ಜಿಯ, ನಮ್ಮ ಆಯಿಯ, ಒಪ್ಪಿಗೆ ಬೇಕಿತ್ತು. ಮಿರಜದ ಆಸ್ಪತ್ರೆಗೆ ಬಂದ ಧಾರವಾಡ ಕಡೆಯವರು ಆಕೆಯ ಕಟ್ಟೆಯ ಮೇಲೆ ಕೂತು ಸುದ್ದಿ ಹೇಳುತ್ತಿದ್ದರು. ಆಕೆ ಅದನ್ನು ಬಿಟ್ಟು ಬರುವಳೇ?

ಕೇಳುವುದೇ ಕಷ್ಟ. ಆಯಿಯ ಕಿವಿಯ ಯಂತ್ರ ಸತ್ತಿತ್ತು. ಅದಕ್ಕೆ ಎರಡು ಬ್ಯಾಟರಿ. ಸಣ್ಣದು ಎಲ್ಲ ಕಡೆ ಸಿಗುತ್ತಿತ್ತು. ಇನ್ನೊಂದು ಬಿಸ್ಕತ್ತಿನಂತೆ ಚಪ್ಪಟೆ, ಎರಡೂ ತುದಿಗೆ ಹಿತ್ತಾಳೆ ಬಿಲ್ಲೆ. ಬೆವರಿಗೆ ಅದರ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಆ ಮಾದರಿ ಈಗ ಬರುವುದಿಲ್ಲ ಎಂದರಂತೆ ಅಂಗಡಿಯವರು. ಅಪ್ಪ, ಕಾಕಾ ಬಹಳ ಹುಡುಕಿದರೆಂದು ಮನೆಯ ಇತಿಹಾಸ. ಬರೀ ಸೈಕಲ್ ಅಂಗಡಿಗಳಲ್ಲಿ ಹುಡುಕಿದರೆಂದು ನನ್ನ ನೆನಪು; ಆ ನೆನಪಿಗೂ ಅವರ ಮೇಲೆ ಸಿಟ್ಟಿದೆ, ಪೂರ್ತಿ ನಂಬಬೇಡಿ.

ಒಂದು ದಿನ ಕಾಕಾ ಚಹಾ ಬೇಕೇನು ಎಂದು ಒದರಿದ. ಆಯಿ ತಲೆಯಾಡಿಸಿದಳು. ಅದನ್ನೇ ವಿಶ್ರಾಮಬಾಗಕ್ಕೆ ಒಪ್ಪಿಗೆ ಎಂದು ಅಪ್ಪ ತೀರ್ಮಾನಿಸಿದ.

ವಿಲೀನದ ನೆನಪಿಗೆ ಫೋಟೊ ಬೇಕಲ್ಲ! ಮಿರಜ ಮನೆಯ ನಡುಮನೆಯಲ್ಲಿ ಸಾಲಾಗಿ ಕೂತೆವು. ಫೋಟೊಗ್ರಾಫರ್ ಫ್ಲ್ಯಾಶ್ ಬಿಚ್ಚಿ ಹೊಸ ಬ್ಯಾಟರಿ ತೆಗೆದ. ಚಪ್ಪಟೆ, ಎರಡೂ ತುದಿಗೆ ಬಿಲ್ಲೆ. ಆಯಿ ತನ್ನ ಸತ್ತ ಬ್ಯಾಟರಿಯನ್ನು ಅದರ ಪಕ್ಕಕ್ಕೆ ಹಿಡಿದು, ಉದ್ದ, ದಪ್ಪ ನೋಡಿ, ಅವನ ಕೈಯಿಂದ ಕಿತ್ತುಕೊಂಡು ಯಂತ್ರಕ್ಕೆ ಹಾಕಿದಳು.

"ಅಜ್ಜಿ, ಅದು ಫ್ಲ್ಯಾಶಿಂದ್ರಿ! ಅದೊಂದ ಐತಿ!"

ಯಂತ್ರ ಕುಂಯ್ ಎಂದಿತು. ಕಾಕಿ ಅಮ್ಮನಿಗೆ ಹೇಳುತ್ತಲೇ ಇದ್ದಳು: "ಹೊಸ ಮನ್ಯಾಗ ಈಕಿ ಖೋಲಿ ಅಡಗಿಮನಿ ಹಿಂದ ಮಾಡ್ರಿ. ಹೆಂಗೂ ಏನೂ ಕೇಳಸಂಗಿಲ್ಲ."

"ಕೇಳಸ್ತದ," ಎಂದಳು ಆಯಿ.

ಕಾಕಾ ರೂಢಿಯಂತೆ ಒದರಿದ: "ಆಯಿ, ನೀನ ಒಪ್ಪೀದಿ!"

"ಒದರಬ್ಯಾಡ. ಯಾವಾಗ ಒಪ್ಪೇನಿ?"

"ಮೊನ್ನೆ ತಲಿ ಆಡಿಸಿದೆಲ್ಲ?" ಎಂದ ಅಪ್ಪ.

"ಅದು ಚಹಾಕ್ಕ. ನಾ ಮಿರಜ ಬಿಟ್ಟು ಬರಂಗಿಲ್ಲ."

ಫೋಟೊಗ್ರಾಫರ್ ಕೈ ಮುಗಿದ: "ಬ್ಯಾಟರಿ ಇಲ್ಲದ ಈ ಕತ್ತಲದಾಗ ಫೋಟೊ ಬರಂಗಿಲ್ಲರಿ."

"ಒಂದಾಗವ್ರನ್ನ ಬಿಸಲಾಗ ಕರಕೊಂಡು ಹೋಗಿ ತಗಿಯೋ ಯಪ್ಪಾ," ಎಂದಳು ಆಯಿ.

ಅಂಗಳದಲ್ಲಿ ಕಣ್ಣು ಕಿರಿದು ಮಾಡಿ ನಿಂತೆವು. ಆ ಫೋಟೊದ ನಡುವೆ ಆಯಿ ನಗುತ್ತಿದ್ದಾಳೆಂದು ಇಂದಿಗೂ ನನಗೆ ನೆನಪು. ತೆಗೆದು ನೋಡಿದರೆ ಅಲ್ಲಿ ತುಳಸಿಗಿಡವಿದೆ. ವಿಶ್ರಾಮಬಾಗಕ್ಕೆ ನಾವಷ್ಟೇ ಹೋದೆವು. ಆಯಿಯ ಜತೆಗೆ ಕಾಕಾ, ಕಾಕಿ ಉಳಿದರು. ಮುಂದೆ ಕಾಕಿ ಒಗ್ಗರಣೆಯನ್ನೂ ಸದ್ದಿಲ್ಲದೆ ಹಾಕುತ್ತಿದ್ದಳಂತೆ.