ಮಸ್ಕತ್ತಿನ ಒಂದೂವರೆ ಗಂಟೆ

ನನ್ನ ತಂಗಿ ತೀರಿಕೊಂಡದ್ದು ಸಂಜೆ. ಅವಳಿಗೆ ಒಬ್ಬಳೇ ಮಗಳು, ಮಸ್ಕತ್ತಿನಲ್ಲಿ ನರ್ಸು. ಮರುದಿನ ಬೆಳಿಗ್ಗೆ ಎಂಟೂಕಾಲರ ಫ್ಲೈಟ್ ಸಿಕ್ಕಿತೆಂದು ಟಿಕೆಟ್ಟಿನ ಫೋಟೋ ಕಳಿಸಿದಳು. ಹೊನ್ನಾವರದಾಚೆ ಹಳದೀಪುರದಲ್ಲಿ, ತಂಗಿಯ ಗಂಡನ ಮನೆಯ ಅಂಗಳದಲ್ಲಿ ಇಂಗ್ಲಿಷ್ ಬಲ್ಲವರು ಬೇಕಾದಷ್ಟಿದ್ದರು. ಆದರೂ ತಂಗಿಯ ಭಾವ, ಆ ಮನೆಗೇ ಹಿರಿಯರಾದವರು, ಫೋನನ್ನು ನನಗೇ ಕೊಟ್ಟರು.

"ಕಾನ್ವೆಂಟಿನಲ್ಲಿ ಕಲ್ತವರು ನೀವು, ಸಮಾ ನೋಡಿ ಹೇಳಿ. ಹೊತ್ತು ಮುಳುಗುದ್ರೊಳಗೆ ಹುಡುಗಿ ಮುಟ್ತದ್ಯಾ?"

ಎರಡು ಸಾವಿರ ಕಿಲೋಮೀಟರ್, ಮೂರು ತಾಸಿನ ಹಾರಾಟ. ಟಿಕೆಟ್ಟಿನಲ್ಲಿ ಮಂಗಳೂರಿಗೆ ಹನ್ನೆರಡೂಮುಕ್ಕಾಲು ಎಂದಿತ್ತು. ನಾನು ಜಾಣತನ ತೋರಿಸಿದೆ. ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ; ಟೈಮ್ ಡಿಫರೆನ್ಸ್ ಕೂಡಿಸಿ ಎರಡೂಕಾಲು ಎಂದೆ. ಮೇಲೆ ಕಾರಿನ ನಾಲ್ಕು ತಾಸು. ಕತ್ತಲಾಗುತ್ತದೆ.

"ಹಾಂಗಾರೆ ಆಗುದಿಲ್ಲ" ಎಂದರು ಭಾವ. "ಇನ್ನೊಂದು ರಾತ್ರಿ ಇಡುದು ಬೇಡ. ನಾಲ್ಕಕ್ಕೆ ಎತ್ತುವಾ."

ಎತ್ತಿದರು. ಮರುದಿನ ನಾಲ್ಕಕ್ಕೆ ಚಟ್ಟ ಹೊರಟದ್ದನ್ನು ಗೇಟಿನಲ್ಲಿ ನಿಂತು ನೋಡುತ್ತಿದ್ದಾಗ ಫೋನ್ ಬಂತು, ಗೊತ್ತಿಲ್ಲದ ನಂಬರು.

"ದೊಡ್ಡಮ್ಮಾ, ನನ್ನ ಸಿಮ್ ಇಲ್ಲಿ ನಡೀತಿಲ್ಲ, ಡ್ರೈವರಣ್ಣಂದು ಫೋನು. ಭಟ್ಕಳ ದಾಟ್ತು, ಇನ್ನೊಂದೇ ತಾಸು. ಅಮ್ಮನ್ನ ಇಟ್ಕಂಡಿದ್ರಲ್ಲ?"

ಇಳಿಯುವ ಸಮಯವನ್ನು ಟಿಕೆಟ್ಟಿನಲ್ಲಿ ಇಳಿಯುವ ಊರಿನ ಗಡಿಯಾರದಂತೆಯೇ ಬರೆದಿರುತ್ತಾರೆ. ಆ ಒಂದೂವರೆ ಗಂಟೆಯನ್ನು ನಾನು ಮತ್ತೊಮ್ಮೆ ಕೂಡಿಸಿದ್ದೆ.

"ಬಾ ಮಗಾ" ಎಂದಷ್ಟೇ ಹೇಳಿ, ಚಪ್ಪಲಿಯೂ ಇಲ್ಲದೆ ಅವರ ಹಿಂದೆ ಓಡಿದೆ. ಎಪ್ಪತ್ತೆರಡರ ಮಂಡಿಗೆ ಅದು ಓಟವೇ. ಅರ್ಧ ದಾರಿಯಲ್ಲಿ ಚಟ್ಟವನ್ನು ಒಮ್ಮೆ ನೆಲಕ್ಕಿಳಿಸಿ, ದಿಕ್ಕು ತಿರುಗಿಸಿ, ಹೆಗಲು ಬದಲಿಸುವ ಪದ್ಧತಿ ಆ ಮನೆಯವರದು. ಆಗಷ್ಟೇ ಇಳಿಸಿದ್ದರು.

"ನಿಲ್ಲಿ! ಹುಡುಗಿ ಭಟ್ಕಳ ದಾಟಿದ್ದಾಳೆ. ಮೈ ಮಿಸ್ಟೇಕ್. ಲೆಕ್ಕ ನಂದೇ ತಪ್ಪು."

"ಭಾರೀ ಕಾನ್ವೆಂಟು!" ಎಂದ ಒಬ್ಬ. ಇನ್ನೊಬ್ಬ, "ಎತ್ತಿದ್ದು ತಿರುಗಿ ಮನೆಗೆ ಹೋಗುಕಿಲ್ಲ" ಎಂದ. ಭಾವ ನನ್ನನ್ನು ನೋಡಲಿಲ್ಲ, ಕ್ರಿಯೆ ಮಾಡಿಸುವ ಭಟ್ಟರನ್ನು ನೋಡಿದರು.

ಭಟ್ಟರು ಕಣ್ಣಿಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ಅಳೆದರು. "ಮನೆಗೆ ಎಂತಕ್ಕೆ? ಇಲ್ಲಿ ಇಳಿಸುದು ಇದ್ದದ್ದೇ. ಎಷ್ಟು ಹೊತ್ತು ಅಂತ ಎಲ್ಲೂ ಬರೆದಿಟ್ಟದ್ದಿಲ್ಲ."

ಎಲ್ಲರೂ ರಸ್ತೆಯ ಅಂಚಿನಲ್ಲಿ ಕುಳಿತರು. ತಂಗಿಯ ಮುಖಕ್ಕೆ ಬಿಸಿಲು ಬೀಳದಂತೆ ನಾನು ಯಾರದ್ದೋ ಕೊಡೆ ಹಿಡಿದೆ. ಮತ್ತೆ ಫೋನು: ಹೊನ್ನಾವರದ ಬ್ರಿಜ್ಜಿನ ಮೇಲೆ ಟ್ಯಾಂಕರ್ ಕೆಟ್ಟು ನಿಂತಿದೆ. ಕೊಡೆಯ ನೆರಳು ಉದ್ದವಾಗುತ್ತಾ ಗದ್ದೆಗೆ ಇಳಿಯಿತು. ಜೀಸಸ್, ಕೃಷ್ಣ, ಬಾಯಿಗೆ ಬಂದವರನ್ನೆಲ್ಲ ಕರೆದೆ.

ಐದೂಮುಕ್ಕಾಲಕ್ಕೆ ಕಾರು ಬಂತು. ಹುಡುಗಿ ಡ್ಯೂಟಿ ಶೂನಲ್ಲೇ ಇಳಿದು, ಮಣ್ಣಿನಲ್ಲಿ ಕುಳಿತು, ಅಮ್ಮನ ಕೆನ್ನೆಗೆ ಕೆನ್ನೆ ಇಟ್ಟಳು.

"ಐದು ಮಿನಿಟು ಮಗಾ" ಎಂದರು ಭಾವ, ಮೆಲ್ಲಗೆ.

ಎದ್ದವಳು ಕೇಳಿದಳು: "ದಾರಿ ಮೇಲೆ ಯಾಕೆ ದೊಡ್ಡಮ್ಮಾ? ಮನೇಲಿ ಯಾಕೆ ಇಟ್ಕಂಡಿಲ್ಲ?"

ಹೇಳಿದೆ. ಇಡೀ ಲೆಕ್ಕ ಹೇಳಿದೆ. ಅವಳು ಕೇಳಿಸಿಕೊಂಡಳು. ಅವಳ ಬೆನ್ನು ಮುಟ್ಟಲು ಕೈ ಚಾಚಿದೆ. ಅಷ್ಟರಲ್ಲಿ ಚಟ್ಟ ಎತ್ತಿದರು. ಅವಳು ಅದರ ಹಿಂದೆ ಹೊರಟಿದ್ದಳು.