ದೋಣಿ ಇಳಿಯುವಷ್ಟರಲ್ಲಿ ಸರಿಯಾಗುತ್ತಿದ್ದ ನಾಡಿ

1999ರಲ್ಲಿ ನಾನು ಹೊನ್ನಾವರ ತಾಲೂಕಿನ ಮಾವಿನಕುರ್ವೆಯಲ್ಲಿ ಎಎನ್‌ಎಂ ಆಗಿದ್ದೆ. ಮನೆಮನೆಗೆ ಹೋಗಿ ಬಸುರಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ಆರೋಗ್ಯ ಕಾರ್ಯಕರ್ತೆಗೆ ಇಲಾಖೆಯಲ್ಲಿ ಇರುವ ಹೆಸರು ಅದು. ಊರಿನವರು ಮಾತ್ರ ‘ಅಕ್ಕೋರು’ ಎನ್ನುತ್ತಿದ್ದರು. ನನ್ನ ಚೀಲದಲ್ಲಿ ಬಿಪಿ ಯಂತ್ರ, ಕಬ್ಬಿಣಾಂಶದ ಮಾತ್ರೆ, ಧನುರ್ವಾಯು ಲಸಿಕೆ, ಮಗುವಿನ ಎದೆಬಡಿತ ಕೇಳುವ ಸಣ್ಣ ಕೊಳವೆ ಇರುತ್ತಿದ್ದವು. ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕೆಂದರೆ ದೋಣಿ ಹತ್ತಿ ಶರಾವತಿ ದಾಟಿ ಹೊನ್ನಾವರಕ್ಕೆ ಹೋಗಬೇಕಿತ್ತು.

ಆ ಸೆಪ್ಟೆಂಬರಿನಲ್ಲಿ ನಾಗವೇಣಿ ತಪಾಸಣೆಗೆ ಬಂದಳು. ಇಪ್ಪತ್ತೆರಡು ವರ್ಷ, ಚೊಚ್ಚಲ ಬಸುರಿ, ಮೂರು ತಿಂಗಳು. ಗಂಡ ಮಂಜುನಾಥ ಭಟ್ಕಳದ ಕಡೆಯ ಮೀನುಗಾರಿಕೆ ಬೋಟಿನಲ್ಲಿ ಕೆಲಸಕ್ಕಿದ್ದ. ಹೋದರೆ ಎಂಟು ಹತ್ತು ದಿನ ಬರುತ್ತಿರಲಿಲ್ಲ. ಅತ್ತೆ ಮಾದೇವಿ ದಿನಾ ಬೆಳಿಗ್ಗೆ ಹೊನ್ನಾವರ ಪೇಟೆಗೆ ಮೀನು ಮಾರಲು ಹೋಗುವವಳು. ಬಿಪಿ, ತೂಕ ಎಲ್ಲ ಬರೆದುಕೊಂಡು ಕಾರ್ಡು ಕೈಗೆ ಕೊಡುವಾಗ ನಾಗವೇಣಿ ಸಣ್ಣ ದನಿಯಲ್ಲಿ ಹೇಳಿದಳು: “ಅಕ್ಕೋರೆ, ಒಂದೊಂದ್ ಸಲ ಎದೆ ಒಂದೇ ಸಮ ಹೊಡ್ಕಂತದೆ. ಸ್ವಿಚ್ ಹಾಕ್ದಂಗೆ ಸುರು ಆಗ್ತದೆ.”

ನಾನು ನಾಡಿ ಹಿಡಿದು ಎಣಿಸಿದೆ. ನಿಮಿಷಕ್ಕೆ ತೊಂಬತ್ತೆರಡು. ಬಸುರಿಯಲ್ಲಿ ನಾಡಿ ಸ್ವಲ್ಪ ಏರುವುದು ಸಹಜ. ಹೊರಗೆ ಇನ್ನೂ ಹನ್ನೊಂದು ಜನ ಕಾದಿದ್ದರು. “ಎಂತ ಇಲ್ಲ, ಚೊಚ್ಚಲಲ್ದಾ, ಹೆದರಿಕೆ. ನೀರು ಕುಡಿ” ಎಂದು ಕಳಿಸಿದೆ. ಆ ಮಾತನ್ನು ಕಾರ್ಡಿನಲ್ಲಿ ಬರೆಯಲೂ ಇಲ್ಲ. ಮುಂದಿನ ತಿಂಗಳು ಅವಳು ಬಂದಾಗ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಪಕ್ಕದ ಮನೆಯ ಕೂಸಿಗೆ ಲಸಿಕೆ ಹಾಕುತ್ತಿದ್ದೆ. ನಾಗವೇಣಿ ಬಾವಿಕಟ್ಟೆಯ ಹತ್ತಿರ ಕೊಡ ಎತ್ತಲು ಬಗ್ಗಿದವಳು ಹಾಗೇ ನೆಲಕ್ಕೆ ಕುಳಿತಳು. ಓಡಿ ಹೋಗಿ ನೋಡಿದರೆ ಕುತ್ತಿಗೆಯ ನರ ದಡದಡ ಕುಣಿಯುತ್ತಿತ್ತು. ಹಣೆಯ ಮೇಲೆ ತಣ್ಣನೆಯ ಬೆವರು. ಗಡಿಯಾರ ನೋಡಿ ಹದಿನೈದು ಸೆಕೆಂಡು ಎಣಿಸಿದೆ: ಐವತ್ತು. ಅಂದರೆ ನಿಮಿಷಕ್ಕೆ ಇನ್ನೂರು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಅಷ್ಟೇ ಬಂತು. ಬಿಪಿ 90/60.

ದೋಣಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಅವಳ ಮಣಿಕಟ್ಟು ಬಿಡಲಿಲ್ಲ. ನಡುನೀರಿನಲ್ಲಿ ಇನ್ನೂರೇ ಇದ್ದ ನಾಡಿ, ಆಚೆ ದಂಡೆ ಹತ್ತಿರವಾದಾಗ ಒಮ್ಮೆ ತಡೆದಂತಾಗಿ ತೊಂಬತ್ತಕ್ಕೆ ಇಳಿಯಿತು. ಪಟ್ಟಣದ ಸಣ್ಣ ಖಾಸಗಿ ಆಸ್ಪತ್ರೆಯೊಂದರಲ್ಲಿ ಇಸಿಜಿ ತೆಗೆದರು. ಹೃದಯದ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರ ಅದು. ಗೆರೆಯಲ್ಲಿ ತಪ್ಪೇನೂ ಕಾಣಲಿಲ್ಲ. ರಕ್ತದ ಪರೀಕ್ಷೆಯಲ್ಲೂ ಥೈರಾಯ್ಡಿನಲ್ಲೂ ದೋಷ ಸಿಗಲಿಲ್ಲ. ನನ್ನ ಎಣಿಕೆಯನ್ನು ಯಾರೂ ಸುಳ್ಳೆನ್ನಲಿಲ್ಲ, ನಂಬಿದಂತೆಯೂ ಕಾಣಲಿಲ್ಲ. ಡಿಸೆಂಬರಿನಲ್ಲಿ ಎರಡು ಸಲ ಹೀಗೇ ಆಯಿತು. ನಾವು ದೋಣಿ ಇಳಿಯುವಷ್ಟರಲ್ಲಿ ನಾಡಿ ಸರಿಯಾಗಿರುತ್ತಿತ್ತು.

ಬೇರೆ ಮನೆಯಲ್ಲಿ ಕೂತು ಬೇರೆಯವರ ಬಿಪಿ ನೋಡುತ್ತಿದ್ದರೂ ಕಿವಿ ಅವಳ ಮನೆಯ ಕಡೆಗೇ. ಕೊನೆಗೆ ಅತ್ತೆ ಸೊಸೆ ಇಬ್ಬರನ್ನೂ ಕರೆದುಕೊಂಡು ಕುಮಟಾದ ಫಿಜಿಷಿಯನ್ ಒಬ್ಬರ ಬಳಿ ಹೋದೆ. ವಯಸ್ಸಾದ ವೈದ್ಯರು, ಪೂರ್ತಿ ಕೇಳಿಸಿಕೊಂಡರು. “ನೀವು ಎಣಿಸಿದ್ದು ಸರಿಯೇ ಇರಬಹುದು. ಆದರೆ ನಾಡಿಯ ಇಂಥ ಓಟದಲ್ಲಿ ಬೇರೆ ಬೇರೆ ಬಗೆ ಇವೆ, ಔಷಧಿಯೂ ಬೇರೆ. ಹೊಟ್ಟೆಯಲ್ಲಿ ಮಗು ಇರುವಾಗ ಅಂದಾಜಿನ ಮೇಲೆ ಕೊಡಲಾರೆ. ಹೊಡೆದುಕೊಳ್ಳುತ್ತಿರುವಾಗಲೇ ತೆಗೆದ ಇಸಿಜಿ ಬೇಕು” ಎಂದರು.

ಹೊರಗೆ ಬಂದ ಮೇಲೆ ಮಾದೇವಿ ನನ್ನ ಮೇಲೆ ಸಿಟ್ಟಾದಳು. “ಎದೆ ಹೊಡ್ಕಳೂದಕ್ಕೂ ಕಾಗದ ಬೇಕಾ ನಿಮ್ಗೆ? ಇಡಗುಂಜಿಗೆ ಹೋಗಿ ಹರಕೆ ಹೇಳ್ಕಂಡ್ ಬತ್ತೆ, ಸಾಕು.”

“ಹರಕೆ ಹೇಳಿ, ಬ್ಯಾಡ ಅನ್ನೂದಿಲ್ಲ. ಆದ್ರೆ ದೋಣಿಯಲ್ಲಿ ಎಚ್ಚರ ತಪ್ಪಿದ್ರೆ ನಾ ಒಬ್ಳೇ ಎಂತ ಮಾಡ್ಲಿ, ಮಾದೇವಿ?” ಎಂದೆ. ಮರುದಿನ ಮೀನು ಮಾರಿ ಬಂದವಳು ತಾನಾಗಿಯೇ ಹೇಳಿದಳು: ಮೀನುಪೇಟೆಯ ಹತ್ತಿರ ತನ್ನ ಪರಿಚಯದವಳ ಮನೆಯಲ್ಲಿ ಒಂದು ಕೋಣೆ ಇದೆ, ಆಸ್ಪತ್ರೆ ಅಲ್ಲಿಂದ ಐದು ನಿಮಿಷ, ಸೊಸೆ ಅಲ್ಲೇ ಇರಲಿ, ತಾನೂ ಇರುತ್ತೇನೆ.

ಜನವರಿಯಲ್ಲಿ, ಏಳನೇ ತಿಂಗಳಲ್ಲಿ, ಅವರು ಆ ಕೋಣೆಗೆ ಬಂದರು. ಅಲ್ಲಿಂದ ಶುರುವಾಯಿತು ಕಾಯುವುದು. ಒಬ್ಬ ಬಸುರಿಗೆ ರೋಗ ಬರಲಿ ಎಂದು ಕಾಯುವ ಕೆಲಸವನ್ನು ನಾನು ಅದುವರೆಗೆ ಮಾಡಿರಲಿಲ್ಲ. ಎರಡು ದಿನಕ್ಕೊಮ್ಮೆ ನದಿ ದಾಟಿ ಹೋಗುತ್ತಿದ್ದೆ. ಬಾಗಿಲಲ್ಲಿ ನಿಂತು “ಬಂತಾ?” ಎಂದು ಕೇಳುತ್ತಿದ್ದೆ. “ಇಲ್ಲ” ಎಂದರೆ ಬೇಸರವಾಗುತ್ತಿತ್ತು. ಬೇಸರವಾಯಿತಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಕೇಳಿದೆ: “ಅಕ್ಟೋಬರಿನಲ್ಲಿ ಬಂದಾಗ ಎಂತಕ್ಕೆ ಹೇಳ್ಲಿಲ್ಲ ನೀನು? ಆಗ ಬರ್ತಿರ್ಲಿಲ್ವಾ?”

“ಬರ್ತಿತ್ತು. ಏಳೆಂಟು ಸಲ ಬಂದಿತ್ತು” ಎಂದಳು ನಾಗವೇಣಿ, ಸೆರಗಿನ ತುದಿ ಸುತ್ತುತ್ತ. “ನೀವು ಹೆದರಿಕೆ ಅಂದ್ರಿ. ಹೆದರಿಕೆ ಅಂದ್ಮೇಲೆ ಎಲ್ಲರ ಹತ್ರ ಹೇಳ್ಕಂಡು ತಿರಗೂಕೆ ನಾಚ್ಕೆ ಆತು. ಅಡುಗೆಮನೆ ಬಾಗ್ಲು ಹಾಕ್ಕಂಡು ಕೂತ್ಕಂತಿದ್ದೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ.

ಹತ್ತು ದಿನ ಏನೂ ಆಗಲಿಲ್ಲ. ಸೊಸೆಗೆ ಗುಣವಾಯಿತೆಂದು ಮಾದೇವಿ ನಂಬಿದಳು. ಹನ್ನೊಂದನೆಯ ದಿನ ಬೆಳಿಗ್ಗೆ ಗಂಟುಮೂಟೆ ಕಟ್ಟಿ ದೋಣಿ ನಿಲ್ಲುವ ದಕ್ಕೆಗೆ ಬಂದರು. ನಾನು ಊರಿನಿಂದ ಬಂದ ದೋಣಿ ಇಳಿಯುತ್ತಿದ್ದೆ. ಅದೇ ದೋಣಿಗೆ ಅವರು ಹತ್ತುವವರು. ತಡೆಯಲು ನನ್ನ ಬಳಿ ಕಾರಣ ಉಳಿದಿರಲಿಲ್ಲ. ನಾಗವೇಣಿ ಚೀಲ ಎತ್ತಲು ಬಗ್ಗಿದಳು. ಎದ್ದಾಗ ಮುಖ ಬಿಳಿಚಿಕೊಂಡಿತ್ತು.

“ಬಂತು ಅಕ್ಕೋರೆ” ಎಂದಳು.

ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋದೆವು. ಕರೆಂಟಿರಲಿಲ್ಲ, ಇಸಿಜಿ ಯಂತ್ರ ಬ್ಯಾಟರಿಯಲ್ಲಿ ನಡೆಯಿತು. ಕಾಗದ ಹೊರಬರುತ್ತಿದ್ದಂತೆ ಕರ್ತವ್ಯದಲ್ಲಿದ್ದ ಯುವ ವೈದ್ಯರು ಬಗ್ಗಿ ನೋಡಿದರು. ಗೆರೆಯ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡಂತೆ ಒತ್ತಾಗಿದ್ದವು. ನಿಮಿಷಕ್ಕೆ ಇನ್ನೂರ ಹತ್ತು. “ಎಸ್‌ವಿಟಿ” ಎಂದರು. ಹೃದಯವನ್ನು ಬಡಿಸುವ ವಿದ್ಯುತ್ ಸಂಕೇತ ನೇರವಾಗಿ ಇಳಿದು ಹೋಗುವ ಬದಲು ಒಂದು ಅಡ್ಡದಾರಿಗೆ ಸಿಕ್ಕಿ ಅಲ್ಲೇ ಗಿರಗಿರ ಸುತ್ತುವ ಕಾಯಿಲೆ. ಸುತ್ತು ಕಡಿದರೆ ತಟ್ಟನೆ ನಿಲ್ಲುತ್ತದೆ.

ಸುತ್ತು ಕಡಿಯುವ ಇಂಜೆಕ್ಷನ್ ಅಲ್ಲಿರಲಿಲ್ಲ. ಖಾಲಿ ಸಿರಿಂಜಿನ ತುದಿಯನ್ನು ಬಾಯಿಗಿಟ್ಟು ಬಲವಾಗಿ ಊದಲು ಹೇಳಿದರು. ಹಾಗೆ ಉಸಿರು ಬಿಗಿಹಿಡಿದರೆ ಬಡಿತ ತಗ್ಗಿಸುವ ನರ ಚುರುಕಾಗುತ್ತದೆ. ಎರಡು ಸಲ ಊದಿದಳು. ಆಗಲಿಲ್ಲ. ಬಿಪಿ 80ಕ್ಕೆ ಇಳಿಯಿತು. ಅವಳ ಕಣ್ಣು ಮೇಲೆ ಹೋಗತೊಡಗಿತು.

“ಐಸ್ ಇದೆಯಾ? ಮುಖಕ್ಕೆ ಇಟ್ಟರೂ ಅದೇ ನರ ಚುರುಕಾಗುತ್ತದೆ” ಎಂದರು ವೈದ್ಯರು. ಕರೆಂಟಿಲ್ಲದ ಫ್ರಿಜ್ಜಿನಲ್ಲಿ ಬರೀ ನೀರಿತ್ತು.

ಬಾಗಿಲಲ್ಲಿ ನಿಂತಿದ್ದ ಮಾದೇವಿ ಓಡಿದಳು. ಅರವತ್ತು ಸಮೀಪಿಸಿದ ಹೆಂಗಸು ಮೀನುಪೇಟೆಯಿಂದ ಪ್ಲಾಸ್ಟಿಕ್ ಚೀಲದ ತುಂಬ ಪುಡಿ ಐಸ್ ಹಿಡಿದು, ಸೀರೆಯೆಲ್ಲ ನೆನೆಸಿಕೊಂಡು ಬಂದಳು. ಬೇಸಿನ್ನಿನ ನೀರಿಗೆ ಐಸ್ ಸುರಿದು, ಟವೆಲ್ ಅದ್ದಿ, ಉಸಿರು ಬಿಗಿಹಿಡಿಯಲು ಹೇಳಿ ನಾಗವೇಣಿಯ ಹಣೆ, ಕಣ್ಣು, ಕೆನ್ನೆಯ ಮೇಲೆ ಒತ್ತಿದೆವು. ನನ್ನ ಬೆರಳು ಅವಳ ನಾಡಿಯ ಮೇಲಿತ್ತು. ಓಡುತ್ತಿದ್ದದ್ದು ನಿಂತೇಹೋಯಿತು. ಒಂದು ಕ್ಷಣ ಬೆರಳಿನಡಿ ಏನೂ ಇಲ್ಲ. ಆಮೇಲೆ ಒಂದು ಬಡಿತ, ಇನ್ನೊಂದು. ಯಂತ್ರ ತೊಂಬತ್ತಾರು ತೋರಿಸಿತು. ವೈದ್ಯರು ಹೊಟ್ಟೆಯ ಮೇಲೆ ಕೊಳವೆಯಿಟ್ಟು ಮಗುವಿನ ಬಡಿತ ಎಣಿಸಿದರು: ನೂರ ನಲವತ್ತನಾಲ್ಕು. ಮಾದೇವಿ ಗೋಡೆಗೆ ಒರಗಿ, ಒದ್ದೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು.

ಆ ಕಾಗದ ಹಿಡಿದುಕೊಂಡು ಮರುದಿನವೇ ಕುಮಟಾಕ್ಕೆ ಹೋದೆವು. ವೈದ್ಯರು ಬಸುರಿಗೆ ಒಗ್ಗುವ ಮಾತ್ರೆ ಬರೆದರು. ಮಗು ಬೆಳೆಯುತ್ತಿದೆಯೇ ಎಂದು ಆಗಾಗ ನೋಡಬೇಕು, ಹೆರಿಗೆ ಹೃದಯತಜ್ಞರಿರುವ ಆಸ್ಪತ್ರೆಯಲ್ಲೇ ಆಗಬೇಕು ಎಂದರು. ಮಾರ್ಚ್ ತಿಂಗಳಲ್ಲಿ ಮಂಜುನಾಥ ಬೋಟು ಬಿಟ್ಟು ಬಂದು ಹೆಂಡತಿಯನ್ನು ಭಟ್ಕಳದಾಚೆ ಪಕ್ಕದ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಸೇರಿಸಿದ. ಹೆರಿಗೆ ನೋವು ತಿನ್ನುವಾಗ ಒಮ್ಮೆ ನಾಡಿ ಓಡಿತಂತೆ. ಇಂಜೆಕ್ಷನ್ ಕೊಟ್ಟು ನಿಲ್ಲಿಸಿದರಂತೆ. ಎಸ್‌ಟಿಡಿ ಬೂತಿನಲ್ಲಿ ಎರಡು ತಾಸು ಕೂತಿದ್ದ ನನಗೆ ಅವನ ದನಿ ಕೇಳಿತು: “ಹೆಣ್ಣು, ಅಕ್ಕೋರೆ. ಇಬ್ರೂ ಆರಾಂ ಇದಾರೆ.” ಮಗು ಎರಡು ಕಿಲೋ ನಾನೂರು ಗ್ರಾಂ. ಮೂರು ವರ್ಷದ ನಂತರ ಅದೇ ಆಸ್ಪತ್ರೆಯಲ್ಲಿ ತೊಡೆಯ ರಕ್ತನಾಳದಿಂದ ತಂತಿ ಕಳಿಸಿ ಆ ಅಡ್ಡದಾರಿಯನ್ನು ಸುಟ್ಟರು. ಎರಡನೆಯ ಬಸುರಿಯಲ್ಲಿ ನಾಗವೇಣಿಗೆ ಆ ತೊಂದರೆ ಬರಲಿಲ್ಲ.

ಬೇರೆ ಊರುಗಳಲ್ಲೂ ಕೆಲಸ ಮಾಡಿ ನಿವೃತ್ತಳಾದೆ. ಆ ವರ್ಷದಿಂದ ಬಸುರಿಯ ಕಾರ್ಡಿನಲ್ಲಿ ಅವಳು ಹೇಳಿದ ಮಾತನ್ನು ಅವಳ ಮಾತಿನಲ್ಲೇ ಬರೆಯತೊಡಗಿದೆ. ಪರೀಕ್ಷೆಯಲ್ಲಿ ದೋಷ ಸಿಗದಿದ್ದರೆ ‘ನಾನು ನೋಡಿದಾಗ ಇರಲಿಲ್ಲ’ ಎಂದು ಕೆಳಗೆ ಬರೆಯುತ್ತಿದ್ದೆ. ಅವಳಿಗೂ ಅಷ್ಟನ್ನೇ ಹೇಳಿ, ಮತ್ತೆ ಬಂದರೆ ಓಡಿ ಬಾ ಎನ್ನುತ್ತಿದ್ದೆ. ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಕಲಿಸಿದ್ದೂ ಇದನ್ನೇ. ನಾಗವೇಣಿಗಿಂತ ಮೊದಲು ಎಷ್ಟು ಜನರಿಗೆ ಹೆದರಿಕೆ ಎಂದು ಹೇಳಿ ಕಳಿಸಿದ್ದೆನೋ, ಅವರಲ್ಲಿ ಎಷ್ಟು ಜನ ಬಾಗಿಲು ಹಾಕಿಕೊಂಡು ಕೂತರೋ, ಅದು ನನ್ನ ಯಾವ ರಿಜಿಸ್ಟರಿನಲ್ಲೂ ಇಲ್ಲ.