ಒಂದೇ ಖಾಲಿ ಜಾಗಕ್ಕೆ ಮೂರು ಹೆಸರು

ಗೆಳೆಯರೇ, ನಮ್ಮ ಪ್ರಜಾಪ್ರಭುತ್ವ ಇವತ್ತು ಗೋಕಾಕದಲ್ಲಿ ಒಂದು ಮದುವೆ ಕಾರ್ಡನ್ನು ನುಂಗಿತ್ತು.

ಅಕ್ಷರ ಜೋಡಿಸುವ ಸಾಫ್ಟ್‌ವೇರಿಗೆ ನಾವು ಮೂವರು ಸಂಗಾತಿಗಳು ಕನ್ನಡದ ಕೈಪಿಡಿ ಬರೆದೆವಲ್ಲ, ಅದರಲ್ಲಿ ಹಾಳೆಯ ಸುತ್ತ ಖಾಲಿ ಬಿಡುವ ಜಾಗಕ್ಕೆ ನಾನು ‘ಬದು’ ಎಂದೆ, ಮೂಡಲಗಿಯ ಮಾಸ್ತರರು ‘ಅಂಚು’ ಎಂದರು, ಹುಕ್ಕೇರಿಯ ವಕೀಲರು ‘ಮಾರ್ಜಿನ್’ ಎಂದರು. ಯಾರೂ ಯಾರಿಗೂ ಮಣಿಯಲಿಲ್ಲ; ಮೂರೂ ಹೆಸರು ಕೈಪಿಡಿಯಲ್ಲಿ ಹಾಗೇ ಉಳಿದವು. ಮೂವರೂ ಚಳವಳಿಯವರು ನೋಡಿ!

ಗೋಕಾಕದ ಪ್ರೆಸ್ಸಿನ ಅಣ್ಣಾಸಾಹೇಬರು ಮದುವೆ ಕಾರ್ಡು ಜೋಡಿಸುವಾಗ ಮೂರೂ ಬೇರೆ ಬೇರೆ ಎಂದು ತಿಳಿದು ಮೊದಲು ಬದು ಬಿಟ್ಟಿದ್ದಾರೆ, ಅದರೊಳಗೆ ಅಂಚು, ಅದರೊಳಗೆ ಮಾರ್ಜಿನ್. ಉಳಿದ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ವಧೂವರರಷ್ಟೇ ಹಿಡಿಸಿದ್ದಾರೆ.

ನಾನು ಪ್ರೆಸ್ಸಿಗೆ ಹೋದಾಗ ಧುಪದಾಳದಿಂದ ಬಂದಿದ್ದ ವರನ ಅಣ್ಣ ಕೂಗಾಡುತ್ತಿದ್ದ: “ನಮ್ಮ ಕಾಕಾನ ಹೆಸರು ಎಲ್ಲೈತ್ರಿ? ಹೆಸರಿಲ್ಲಂದ್ರ ಅಂವ ಅಕ್ಕಿಕಾಳು ಹಾಕಾಕ ಬರಂಗಿಲ್ಲ!”

“ಪುಸ್ತಕದಾಗ ಇದ್ದಂಗ ಮಾಡೇನ್ರಿ. ನಿಮ್ಮ ಕಾಕಾನ ಹೊರಗ ಹಾಕಿದವರು ಇವರ ನೋಡ್ರಿ,” ಎಂದು ಅಣ್ಣಾಸಾಹೇಬರು ನನ್ನತ್ತ ಬೆರಳು ಮಾಡಿದರು.

ಮಾಸ್ತರರಿಗೆ ಫೋನ್ ಹಚ್ಚಿದೆ. “ಸಭಾ ಕರೀರಿ, ಚರ್ಚಾ ಆಗ್ಲಿ,” ಎಂದರು.

“ನಮ್ಮ ಸಭಾ ಮುಗಿಯೂದ್ರಾಗ ಆ ಹುಡುಗಗ ಮಕ್ಕಳಾಗ್ತಾವ್ರಿ!” ಎಂದು ಫೋನ್ ಇಟ್ಟೆ.

ಅಲ್ಲೇ ಪೆನ್ನು ಇಸಕೊಂಡು ಕೈಪಿಡಿಯ ತುಂಬ ಒಂದೇ ಹೆಸರು ಉಳಿಸಿ, ಮಿಕ್ಕೆರಡನ್ನು ಹೊಡೆದು ಹಾಕಿದೆ. ಅಣ್ಣಾಸಾಹೇಬರು ಮತ್ತೆ ಜೋಡಿಸಿದರು. ಕಾಕಾ ಸಕುಟುಂಬ ಕಾರ್ಡಿನೊಳಗೆ ಬಂದು ಕೂತರು.

ಸರ್ವಾಧಿಕಾರಕ್ಕೆ ಧಿಕ್ಕಾರ ಎಂದು ನಾಳೆಯೂ ಕೂಗುವವನೇ ನಾನು. ಉಳಿದ ಹೆಸರು ‘ಬದು’ ಆಗಿರುವುದು ಬರೀ ಆಕಸ್ಮಿಕ.